ಮೇಲೆ ಹೂವು, ಒಳಗೆ ದ್ರಾಕ್ಷಿ ಕಡ್ಡಿ

ಮದುವೆಯ ಸುಗ್ಗಿ ಹತ್ತಿರ ಬಂದಂತೆ ಓದುಗರು ತಪ್ಪದೆ ಕೇಳುವ ಒಂದು ಪ್ರಶ್ನೆ ಇದೆ. ಹಂದರದ ಬಾಗಿಲಿಗೆ ಕಮಾನು ಬೇಕು, ವೇದಿಕೆಯ ಹಿಂದೆ ಹೂವಿನ ಗೋಡೆ ಬೇಕು, ಮದುಮಗಳ ಕೈಗೆ ಹೂಗುಚ್ಛ ಬೇಕು. ಹೂವು ಹೇಗೋ ಸಿಗುತ್ತದೆ. ಹೂವನ್ನು ಹಿಡಿದು ನಿಲ್ಲಿಸುವ ಒಳಗಿನ ಚೌಕಟ್ಟನ್ನು ಕೈಯಿಂದಲೇ ಕಟ್ಟಿಕೊಳ್ಳಲು ಬರುತ್ತದೆಯೇ, ಕಟ್ಟುವುದಾದರೆ ಯಾವುದರಿಂದ ಎಂಬುದು ಪ್ರಶ್ನೆ. ಕಟ್ಟಲು ಬರುತ್ತದೆ. ಅದಕ್ಕೆ ಬೇಕಾದ ಸಾಮಾನು ನಮ್ಮ ವಿಜಯಪುರ ಜಿಲ್ಲೆಯಲ್ಲಿ ಹೇರಳವಾಗಿದೆ. ಜೋರಾಪುರ ಪೇಟೆಯಿಂದ ಅಥಣಿ ರಸ್ತೆ ಹಿಡಿದು ತಿಕೋಟಾ ಕಡೆಗೆ ಹೋದರೆ, ಇಲ್ಲವೇ ಜಮಖಂಡಿ ರಸ್ತೆಯಲ್ಲಿ ಬಬಲೇಶ್ವರದ ಕಡೆಗೆ ಹೋದರೆ, ಬೇಸಿಗೆಯ ಆರಂಭದಲ್ಲಿ ತೋಟಗಳ ಬದುವಿನ ಮೇಲೆ ಅದು ರಾಶಿರಾಶಿಯಾಗಿ ಬಿದ್ದಿರುತ್ತದೆ. ಚಾಟ್ನಿ ಮಾಡಿ, ಅಂದರೆ ಬಳ್ಳಿ ಸವರಿ, ಎಸೆದ ದ್ರಾಕ್ಷಿ ಕಡ್ಡಿಯ ಮಾತು ಇದು. ಹೂವಿನ ಅಲಂಕಾರದಲ್ಲಿ ಎಲ್ಲರ ಕಣ್ಣು ಹೂವಿನ ಮೇಲಿರುತ್ತದೆ, ಬೆಲೆಯ ಚೌಕಾಶಿಯೂ ಹೂವಿನದ್ದೇ. ಆದರೆ ಆ ಅಲಂಕಾರ ಚೆಂದವೋ ಅಲ್ಲವೋ, ಊರಿಗೆ ಹಿತವೋ ಹೊರೆಯೋ ಎಂಬುದನ್ನು ತೀರ್ಮಾನಿಸುವುದು ಒಳಗಿನ ಚೌಕಟ್ಟು. ಹೂವು ಮರುದಿನ ಬಾಡಿ ಮಣ್ಣು ಸೇರುತ್ತದೆ. ಚೌಕಟ್ಟು ಎಲ್ಲಿ ಸೇರುತ್ತದೆ ಎಂದು ಯಾರೂ ಕೇಳುವುದಿಲ್ಲ. ಆ ಪ್ರಶ್ನೆ ಕೇಳಬೇಕು ಎಂಬುದು ನನ್ನ ವಾದ.

ಮೊದಲು ಚೌಕಟ್ಟಿನ ಕೆಲಸ ಏನೆಂದು ನೋಡಬೇಕು. ಅದು ಮೂರು ಕೆಲಸ ಮಾಡುತ್ತದೆ: ಹೂವಿನ ದಂಟನ್ನು ಬೇಕಾದ ಕಡೆಗೆ ವಾಲಿಸಿ ಹಿಡಿಯುತ್ತದೆ, ಒಟ್ಟು ಅಲಂಕಾರಕ್ಕೆ ಆಕಾರ ಕೊಡುತ್ತದೆ, ದಂಟಿಗೆ ನೀರು ಸಿಗುವಂತೆ ಮಾಡುತ್ತದೆ. ಇಂದು ಡೆಕೋರೇಶನ್‌ನವರು ಬಳಸುವ ಹಸಿರು ಸ್ಪಂಜಿನ ಇಟ್ಟಿಗೆ ಈ ಮೂರನ್ನೂ ಒಂದೇ ಏಟಿಗೆ ಮಾಡುತ್ತದೆ. ಅದು ಅಷ್ಟು ಬೇಗ ಎಲ್ಲೆಡೆ ಹಬ್ಬಲು ಇದೇ ಕಾರಣ, ಇದನ್ನು ಒಪ್ಪಿಕೊಂಡೇ ಮುಂದೆ ಹೋಗಬೇಕು. ಅಮೆರಿಕದ ಓಹಾಯೋ ರಾಜ್ಯದ ಕೆಂಟ್ ಎಂಬ ಊರಿನಲ್ಲಿ ಸ್ಮಿದರ್ಸ್ ಎಂಬುವರು 1954ರಲ್ಲಿ ಇದನ್ನು ಹೂವಿನ ಕೆಲಸಕ್ಕೆಂದು ತಂದರು. ಓಯಸಿಸ್ ಎಂಬ ಅದರ ಮಾರಾಟದ ಹೆಸರೇ ಈಗ ಆ ವಸ್ತುವಿನ ಹೆಸರಾಗಿ ನಿಂತಿದೆ. ಅದಕ್ಕೂ ಮೊದಲು ಹೂವು ಜೋಡಿಸುವವರು ಒಂದೊಂದು ದಂಟಿನ ಭಾರ, ವಾಲು, ಉದ್ದ ಲೆಕ್ಕ ಹಾಕಿ ಕೂರಿಸಬೇಕಿತ್ತು. ಸ್ಪಂಜು ಬಂದ ಮೇಲೆ ಚುಚ್ಚಿದರೆ ಮುಗಿಯಿತು. ಹತ್ತು ತಾಸಿನ ಕೆಲಸ ಎರಡು ತಾಸಿಗೆ ಇಳಿಯುವಾಗ, ಒಂದೇ ದಿನ ಮೂರು ಕಡೆ ಮದುವೆ ಒಪ್ಪಿಕೊಂಡ ಡೆಕೋರೇಶನ್‌ನವನು ಅದನ್ನು ಬಿಟ್ಟು ಬೇರೆ ಏನನ್ನು ಆರಿಸಿಯಾನು?

ಆದರೆ ಆ ಇಟ್ಟಿಗೆ ಫೀನಾಲ್ ಮತ್ತು ಫಾರ್ಮಾಲ್ಡಿಹೈಡ್ ಸೇರಿಸಿ ಮಾಡಿದ ಪ್ಲಾಸ್ಟಿಕ್. ಒಮ್ಮೆ ನೆನೆಸಿ ಒಣಗಿಸಿದರೆ ಮತ್ತೆ ಮೊದಲಿನಂತೆ ನೀರು ಹೀರುವುದಿಲ್ಲ, ಹಾಗಾಗಿ ಒಂದು ಕಾರ್ಯಕ್ಕೆ ಒಂದು ಬಾರಿ. ಬೆರಳಿನಲ್ಲಿ ಒತ್ತಿದರೆ ಹಿಟ್ಟಾಗುತ್ತದೆ, ಆ ಹಿಟ್ಟು ಮಣ್ಣಿನಲ್ಲಿ ಕರಗುವುದಿಲ್ಲ. ಮೆಲ್ಬರ್ನಿನ ಆರ್‌ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕರು ಇದನ್ನು ಪರೀಕ್ಷೆ ಮಾಡಿ, ಸ್ಪಂಜಿನ ಪುಡಿಯನ್ನು ಸಿಹಿನೀರಿನ ಮತ್ತು ಸಮುದ್ರದ ಸಣ್ಣ ಜೀವಿಗಳು ನುಂಗುತ್ತವೆ, ಅದರಿಂದ ನೀರಿಗೆ ಬಿಡುವ ರಾಸಾಯನಿಕಗಳು ಅವಕ್ಕೆ ವಿಷವಾಗುತ್ತವೆ ಎಂದು ತೋರಿಸಿದರು. ಬ್ರಿಟನ್ನಿನ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿ 2021ರಿಂದ ತನ್ನ ಪ್ರದರ್ಶನಗಳಲ್ಲಿ ಈ ಸ್ಪಂಜನ್ನು ನಿಲ್ಲಿಸಿತು. ನಮ್ಮಲ್ಲಿ 2022ರ ಜುಲೈ 1ರಿಂದ ಅಲಂಕಾರಕ್ಕೆ ಥರ್ಮಾಕೋಲ್ ಬಳಸುವುದು ದೇಶದಾದ್ಯಂತ ನಿಷಿದ್ಧ. ಹೀಗಿದ್ದೂ ಥರ್ಮಾಕೋಲಿನ ಕಮಾನು, ಅಕ್ಷರ, ಮೂರ್ತಿಗಳು ಮಂಗಲ ಕಾರ್ಯಾಲಯಗಳಿಂದ ಪೂರ್ತಿ ಮರೆಯಾಗಿಲ್ಲ. ಹಸಿರು ಸ್ಪಂಜಿನ ಹೆಸರಂತೂ ಆ ನಿಷೇಧದ ಪಟ್ಟಿಯಲ್ಲೇ ಇಲ್ಲ. ತಾಜ್ ಬಾವಡಿ, ಚಾಂದ್ ಬಾವಡಿಗಳಂಥ ಬಾವಡಿಗಳನ್ನು ಕಟ್ಟಿ ನೀರನ್ನು ಜೋಪಾನ ಮಾಡಿದ ಊರು ಇದು. ಬಕೆಟ್ಟಿನಲ್ಲಿ ಸ್ಪಂಜು ನೆನೆಸಿ ಉಳಿದ ಹಸಿರು ನೀರನ್ನು ಗಟಾರಕ್ಕೆ ಸುರಿದರೆ ಅದು ಎಲ್ಲಿಗೆ ಹೋಗಿ ನಿಲ್ಲುತ್ತದೆ ಎಂಬ ಯೋಚನೆ ಇಂಥ ಊರಿಗೆ ಹೊಸದಾಗಿರಬಾರದು.

ಹೂವಿಗೆ ಚೌಕಟ್ಟು ಕಟ್ಟುವ ವಿದ್ಯೆಯನ್ನೂ ನಾವು ಹೊರಗಿನಿಂದ ಕಲಿಯಬೇಕಾಗಿಲ್ಲ. ಬಿದಿರು ಸೀಳಿ ಎಳೆ ತೆಗೆಯುವ ಮೇದಾರರು, ಮನೆಮನೆಗೆ ಪತ್ರೆ ಹೂವು ಕೊಡುತ್ತ ಬಂದ ಹೂಗಾರರು, ಇವರಿಬ್ಬರ ಕೈ ಸೇರಿದಲ್ಲೇ ಹಂದರ, ತೋರಣ, ಪಲ್ಲಕ್ಕಿಯ ಹೂವಿನ ಮಾಡು ಎದ್ದು ನಿಂತವು. ಮದುಮಗಳ ದಂಡಿ, ಮದುಮಗನ ಬಾಸಿಂಗ ಎರಡೂ ಒಳಗೊಂದು ಹಗುರ ಆಧಾರ ಇಟ್ಟು ಹೊರಗೆ ಹೂವನ್ನೋ ಬೆಂಡನ್ನೋ ಹೊಂದಿಸಿದ ರಚನೆಗಳು. ಸಂಕ್ರಮಣದ ಹೊತ್ತಿಗೆ ವಿಜಯಪುರದ ಸಿದ್ಧೇಶ್ವರ ಜಾತ್ರೆಯಲ್ಲಿ ಹೊರಡುವ ನಂದಿಕೋಲುಗಳೂ ಹೀಗೆಯೇ: ಗಟ್ಟಿಯಾದ ಉದ್ದನೆಯ ಕೋಲು ವರ್ಷದಿಂದ ವರ್ಷಕ್ಕೆ ಉಳಿಯುತ್ತದೆ, ಮೇಲಿನ ಅಲಂಕಾರ ಹೊಸದಾಗುತ್ತದೆ. ಬೆಂಗಳೂರಿನ ಹೂವಿನ ಕರಗದಲ್ಲಿ ಮಲ್ಲಿಗೆಯ ಎತ್ತರದ ಗೋಪುರ ತಲೆಯ ಮೇಲೆ ಅಲುಗಾಡದೆ ನಿಲ್ಲುವುದು ಒಳಗಿನ ಕಟ್ಟಿನ ಬಲದಿಂದ. 1646ರ ಸುಮಾರಿಗೆ ಕಟ್ಟಿದ ನಮ್ಮ ವಿಜಯಪುರದ ಅಸಾರ್ ಮಹಲಿನ ಮೇಲಂತಸ್ತಿನ ಗೋಡೆಗಳಲ್ಲಿ ಹೂದಾನಿಗಳ ಚಿತ್ರಗಳಿವೆ. ಬಣ್ಣ ಬಹಳಷ್ಟು ಮಾಸಿದ್ದರೂ ಹೂವನ್ನು ಪಾತ್ರೆಯೊಳಗಿಂದ ಎಬ್ಬಿಸಿ ಎರಡೂ ಬದಿಗೆ ಸಮತೂಕದಲ್ಲಿ ಹರಡುವುದು ಈ ಊರಿಗೆ ಆಗಲೇ ಪ್ರಿಯವಾದ ಕಲೆಯಾಗಿತ್ತು ಎಂದು ಅವು ಹೇಳುತ್ತವೆ. ಹಳೆಯದೆಲ್ಲ ಒಳ್ಳೆಯದಿತ್ತು ಎಂದು ಸಾಧಿಸಲು ಈ ಉದಾಹರಣೆಗಳನ್ನು ಎತ್ತಿಲ್ಲ. ಇವೆಲ್ಲದರಲ್ಲೂ ಚೌಕಟ್ಟು ಬೇರೆ, ಹೂವು ಬೇರೆ. ಚೌಕಟ್ಟು ಒಂದೋ ಮತ್ತೆ ಬಳಕೆಗೆ ಬರುತ್ತಿತ್ತು, ಇಲ್ಲವೇ ಹೂವಿನ ಜೊತೆಗೇ ಮಣ್ಣಾಗುತ್ತಿತ್ತು. ಬಳಸಿ ಎಸೆದ ಮೇಲೂ ತಲೆಮಾರುಗಟ್ಟಲೆ ಉಳಿಯುವ ಚೌಕಟ್ಟು ನಮ್ಮ ಕಾಲದ್ದು.

ಬಿದಿರು ಇರುವಾಗ ದ್ರಾಕ್ಷಿ ಕಡ್ಡಿಯೇ ಏಕೆ? ಬಿದಿರು ವಿಜಯಪುರದ ಬೆಳೆಯಲ್ಲ. ಮಳೆ ಕಡಿಮೆಯ ಈ ಬಯಲಿಗೆ ಅದು ಸಹ್ಯಾದ್ರಿಯ ಸೆರಗಿನಿಂದ ಬರಬೇಕು. 2017ರಲ್ಲಿ ಅರಣ್ಯ ಕಾಯ್ದೆಗೆ ತಿದ್ದುಪಡಿಯಾಗಿ ಬಿದಿರನ್ನು ಮರದ ವ್ಯಾಖ್ಯೆಯಿಂದ ಹೊರಗಿಟ್ಟ ಮೇಲೆ ಹೊಲದಲ್ಲಿ ಬೆಳೆದ ಬಿದಿರನ್ನು ಕಡಿದು ಸಾಗಿಸುವುದು ಸಲೀಸಾಗಿದೆ, ಆದರೂ ದೂರ ದೂರವೇ. ದ್ರಾಕ್ಷಿ ಹಾಗಲ್ಲ. ರಾಜ್ಯದಲ್ಲಿ ದ್ರಾಕ್ಷಿ ಬೆಳೆಯುವ ಜಿಲ್ಲೆಗಳಲ್ಲಿ ವಿಜಯಪುರ ಮುಂಚೂಣಿಯಲ್ಲಿದೆ, ಅದರಲ್ಲೂ ತಿಕೋಟಾ, ಬಬಲೇಶ್ವರದ ಸುತ್ತ ಒಣದ್ರಾಕ್ಷಿಗೆಂದೇ ಬೆಳೆದ ತೋಟಗಳು ಸಾಲುಸಾಲು. ಈ ಭಾಗದ ಪದ್ಧತಿಯಲ್ಲಿ ವರ್ಷಕ್ಕೆ ಎರಡು ಚಾಟ್ನಿ, ಬೆಳೆ ಒಂದೇ. ಅಕ್ಟೋಬರಿನ ಚಾಟ್ನಿ ಹಣ್ಣಿಗಾಗಿ. ಕೊಯ್ಲು ಮುಗಿದ ಮೇಲೆ ಏಪ್ರಿಲ್ ಆಸುಪಾಸಿನ ಚಾಟ್ನಿ ಹೊಸ ಕಡ್ಡಿ ತಯಾರಾಗಲಿಕ್ಕೆ. ಆಗ ಹಣ್ಣು ಕೊಟ್ಟ ಕಡ್ಡಿಯನ್ನು ಒಂದೆರಡು ಕಣ್ಣು ಮಾತ್ರ ಉಳಿಸಿ ಕತ್ತರಿಸುತ್ತಾರೆ. ಪೆನ್ಸಿಲಿನ ದಪ್ಪದ, ಕಂದು ಬಣ್ಣಕ್ಕೆ ಮಾಗಿದ, ಮೂರು ನಾಲ್ಕು ಅಡಿ ಉದ್ದದ ಕಡ್ಡಿಗಳು ತೋಟದ ತುಂಬ ಬೀಳುತ್ತವೆ. ಬಸವ ಜಯಂತಿ, ಅಕ್ಷಯ ತೃತೀಯೆಗಳ ಸುತ್ತ ಮದುವೆ, ಸಾಮೂಹಿಕ ವಿವಾಹಗಳು ಒತ್ತೊತ್ತಾಗಿ ಬರುವ ದಿನಗಳೂ ಅವೇ. ಕಡ್ಡಿ ಸಿಗುವ ತಿಂಗಳು, ಕಟ್ಟಿದ್ದು ಆರಲು ಬೇಕಾದ ಒಣ ಹವೆ, ಹೂವಿನ ಬೇಡಿಕೆ ಮೂರೂ ಒಟ್ಟಿಗೆ ಬರುವ ಇಂಥ ಅನುಕೂಲ ಬೇರೆ ಜಿಲ್ಲೆಗೆ ಸುಲಭವಾಗಿ ಸಿಗದು. ದ್ರಾಕ್ಷಿ ಬೆಳೆಯುವ ಬೇರೆ ದೇಶಗಳಲ್ಲಿ ಕಡ್ಡಿಯ ಬಳೆಗಳನ್ನು ಹೆಣೆದು ಬಾಗಿಲಿಗೆ ತೂಗುಹಾಕುವುದು ಮನೆಮಾತು, ಅಂಗಡಿಗಳಲ್ಲಿ ಅವು ಸಿದ್ಧವಾಗಿಯೇ ಮಾರಾಟಕ್ಕೆ ಇರುತ್ತವೆ. ಜರ್ಮನಿ, ಹಾಲೆಂಡಿನ ಹೂ ಕಲಾವಿದರು ಕೈಗುಚ್ಛಕ್ಕೂ ಮೊದಲು ಕಡ್ಡಿಯ ಹಂದರ ಕಟ್ಟಿ, ಅದರ ಸಂದಿಗಳಲ್ಲಿ ದಂಟು ಇಳಿಸುತ್ತಾರೆ. ಹೂವು ಕಡಿಮೆ ಹಿಡಿಯುತ್ತದೆ, ಗುಚ್ಛ ದೊಡ್ಡದಾಗಿ ಅರಳುತ್ತದೆ.

ಕಟ್ಟುವ ಬಗೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಇಲ್ಲಿ ಅವಸರ ಮಾಡಿದವರೇ ಇದು ಆಗದ ಕೆಲಸ ಎನ್ನುತ್ತಾರೆ. ಕಡ್ಡಿಯನ್ನು ಕತ್ತರಿಸಿದ ದಿನವೇ, ಹೆಚ್ಚೆಂದರೆ ಮರುದಿನ, ಬಾಗಿಸಬೇಕು. ನಮ್ಮ ಏಪ್ರಿಲ್ ಬಿಸಿಲಿಗೆ ಅದು ಬೇಗ ಬಿರುಸಾಗುತ್ತದೆ. ಬಿರುಸಾದದ್ದನ್ನು ಇಡೀ ರಾತ್ರಿ ನೀರಿನಲ್ಲಿ ನೆನೆಸಿದರೆ ಬಹುಮಟ್ಟಿಗೆ ಮತ್ತೆ ಮೆತ್ತಗಾಗುತ್ತದೆ. ಎಲೆ ತೆಗೆಯಬೇಕು, ಸುರುಳಿ ಸುರುಳಿಯಾದ ಕುಡಿಗಳನ್ನು ಮಾತ್ರ ಬಿಡಬೇಕು. ಚೆಂದಕ್ಕೂ ಆಯಿತು, ಮುಂದೆ ಹೂವಿನ ದಂಟು ಸಿಕ್ಕಿ ನಿಲ್ಲಲಿಕ್ಕೂ ಆಯಿತು. ಒಂದೇ ಸಲ ಗಟ್ಟಿಯಾಗಿ ಮಡಿಸಿದರೆ ಗೆಣ್ಣಿನ ಹತ್ತಿರ ಚಟಕ್ಕೆಂದು ಮುರಿಯುತ್ತದೆ. ಎರಡೂ ಕೈಯಲ್ಲಿ ಹಿಡಿದು ಹೆಬ್ಬೆರಳುಗಳಿಂದ ಉದ್ದಕ್ಕೂ ಸ್ವಲ್ಪಸ್ವಲ್ಪವೇ ಬಾಗಿಸುತ್ತ ಹೋಗಬೇಕು. ಮೊದಲ ಕಡ್ಡಿಯನ್ನು ಬಳೆ ಮಾಡಿ ತುದಿಗಳನ್ನು ಒಂದರ ಮೇಲೊಂದು ಒಂದು ಗೇಣು ಹೊಂದಿಸಿ ಕಟ್ಟುವುದು. ಎರಡನೆಯ ಕಡ್ಡಿಯ ಬುಡವನ್ನು ಬೇರೆ ಜಾಗದಲ್ಲಿ ಸಿಕ್ಕಿಸಿ ಮೊದಲನೆಯದಕ್ಕೆ ಸುತ್ತುತ್ತ ಸಾಗುವುದು. ಜೋಡಣೆಗಳೆಲ್ಲ ಒಂದೇ ಕಡೆ ಬಂದರೆ ಬಳೆ ಅಲ್ಲಿಯೇ ಸೊಟ್ಟಗಾಗುತ್ತದೆ. ಐದಾರು ಕಡ್ಡಿ ಸುತ್ತಿದ ಮೇಲೆ ಕೊಡ ಹೊರುವ ಸಿಂಬಿಯ ಹಾಗೆ ತನ್ನ ಹಿಡಿತದಲ್ಲೇ ತಾನು ನಿಲ್ಲುವ ಗಟ್ಟಿ ಬಳೆ ಸಿದ್ಧ.

ಬಳೆ ಕಟ್ಟಲು ಬಂದರೆ ಉಳಿದದ್ದು ಅದರ ವಿಸ್ತರಣೆ. ದೊಡ್ಡದೊಂದು, ಸಣ್ಣದೊಂದು ಬಳೆಯನ್ನು ಮೇಲೆ ಕೆಳಗೆ ಇಟ್ಟು ನಡುವೆ ಓರೆಯಾಗಿ ಕಡ್ಡಿ ಕಟ್ಟಿದರೆ ಮೇಜಿನ ಮೇಲಿನ ಹೂವಿಗೆ ಆಧಾರ. ಎರಡು ಆಳೆತ್ತರದ ಕಮಾನಿಗೆ ದ್ರಾಕ್ಷಿ ಕಡ್ಡಿ ಒಂದೇ ಸಾಲದು. ಬೆನ್ನಿಗೆ ಬಂಬು ಬೇಕು, ಕಡ್ಡಿ ಅದರ ಮೈಗೆ ಹೆಣಿಗೆಯಾಗುತ್ತದೆ. ಇಲ್ಲಿ ಮರೆಯಬಾರದ ಒಂದು ಲೆಕ್ಕವಿದೆ. ನಾಲ್ಕು ಕಡ್ಡಿಯ ಚೌಕ ಎಷ್ಟು ಬಿಗಿದರೂ ಪಕ್ಕಕ್ಕೆ ತಳ್ಳಿದರೆ ವಾಲುತ್ತದೆ, ಮೂರು ಕಡ್ಡಿಯ ತ್ರಿಕೋನ ವಾಲುವುದಿಲ್ಲ. ಆದ್ದರಿಂದ ಚೌಕ ಬಂದಲ್ಲೆಲ್ಲ ಮೂಲೆಯಿಂದ ಮೂಲೆಗೆ ಓರೆಕಡ್ಡಿ ಹಾಕಲೇಬೇಕು. ಗಾಳಿಗೆ ಉರುಳುವ ಹೂವಿನ ಕಮಾನುಗಳಲ್ಲಿ ಹೆಚ್ಚಿನವಕ್ಕೆ ಈ ಓರೆಕಡ್ಡಿ ಇರುವುದಿಲ್ಲ. ನಿಲ್ಲಿಸುವ ಆಧಾರಕ್ಕೆ ಕಾಲು ಮೂರೇ ಇರಲಿ. ಹಂದರದ ನೆಲ ಎಷ್ಟೇ ಏರುಪೇರಿದ್ದರೂ ಮೂರು ಕಾಲಿನದು ಕುಣಿಯುವುದಿಲ್ಲ. ಕಟ್ಟಲು ಸುತಳಿ ಸಾಕು. ಎರಡು ಕಡ್ಡಿ ಅಡ್ಡ ಹಾಯುವಲ್ಲಿ ಎರಡು ಸುತ್ತು ಹೀಗೆ, ಎರಡು ಸುತ್ತು ಹಾಗೆ ಹಾಕಿ, ಕೊನೆಗೆ ಎರಡೂ ಕಡ್ಡಿಗಳ ನಡುವೆ ಹಗ್ಗದ ಮೇಲೆಯೇ ಹಗ್ಗ ಸುತ್ತಿ ಎಳೆಯಬೇಕು. ಗಂಟು ಬಿಗಿಯಾಗುವುದು ಈ ಕೊನೆಯ ಸುತ್ತಿನಲ್ಲಿ. ಹಸಿ ಕಡ್ಡಿ ಒಣಗುತ್ತ ಸಣ್ಣಗಾಗುತ್ತದೆ, ಮೊದಲ ದಿನ ಬಿಗಿಯಾಗಿದ್ದ ಗಂಟು ವಾರದಲ್ಲಿ ಸಡಿಲಾಗುತ್ತದೆ. ಹಾಗಾಗಿ ಮೊದಲ ಕಟ್ಟು ತಾತ್ಕಾಲಿಕ. ನೆರಳಿನಲ್ಲಿ ಒಂದೆರಡು ವಾರ ಆರಿಸಿ, ಮತ್ತೆ ಬಿಚ್ಚಿ ಕಟ್ಟಿದ್ದೇ ನಿಜವಾದ ಕಟ್ಟು. ಹಾಗೆ ಕಟ್ಟಿದ ಚೌಕಟ್ಟನ್ನು ಮಳೆಗೆ ಬಿಡದೆ ಅಟ್ಟದ ಮೇಲಿಟ್ಟರೆ ಮುಂದಿನ ಮದುವೆಗೂ ಬರುತ್ತದೆ.

ಈಗ ನೀರಿನ ಮಾತು, ಏಕೆಂದರೆ ಅತಿ ಗಟ್ಟಿಯಾದ ಆಕ್ಷೇಪ ಇರುವುದು ಇಲ್ಲಿ. ವಿಜಯಪುರದ ಬೇಸಿಗೆ 40 ಡಿಗ್ರಿ ದಾಟುತ್ತದೆ. ಒಣ ಕಡ್ಡಿಯ ಹಂದರದಲ್ಲಿ ಸಿಕ್ಕಿಸಿದ ಗುಲಾಬಿ ಮಧ್ಯಾಹ್ನದ ಅಕ್ಷತೆಯ ಹೊತ್ತಿಗೆ ತಲೆ ಬಾಗಿಸುತ್ತದೆ, ಸ್ಪಂಜಿನಲ್ಲಿದ್ದರೆ ಸಂಜೆಯವರೆಗೆ ನಿಲ್ಲುತ್ತದೆ ಎನ್ನುತ್ತಾರೆ. ಈ ಮಾತು ನಿಜ. ಆದರೆ ನೀರು ಹಿಡಿಯಲು ಸ್ಪಂಜೇ ಬೇಕೆಂದೇನೂ ಇಲ್ಲ. ಬಾಳೆದಿಂಡಿನಲ್ಲಿ ಹತ್ತು ಪಾಲಿನಲ್ಲಿ ಒಂಬತ್ತು ಪಾಲು ನೀರೇ ಇರುತ್ತದೆ. ಅದನ್ನು ತುಂಡು ಮಾಡಿ ಕಡ್ಡಿಯ ಚೌಕಟ್ಟಿನ ಹಿಂದೆ ಕಟ್ಟಿ, ಚೂಪಾದ ಕಡ್ಡಿಯಿಂದ ಮೊದಲು ತೂತು ಮಾಡಿ ದಂಟು ಇಳಿಸಿದರೆ ಹೂವು ಒಂದು ದಿನ ತಾಜಾ ಇರುತ್ತದೆ. ಹಂದರದ ಬಾಗಿಲಿಗೆ ಹೇಗೂ ಬಾಳೆಗಿಡ ತಂದು ಕಟ್ಟುವ ನಾಡು ನಮ್ಮದು. ಮೇಜಿನ ಅಲಂಕಾರಕ್ಕೆ ಮಣ್ಣಿನ ಕುಡಿಕೆಯಲ್ಲಿ ನೀರಿಟ್ಟು, ಅದರ ಬಾಯಿಗೆ ಕಡ್ಡಿಯ ಬಳೆ ಕೂರಿಸಿದರೆ ದಂಟು ಬಳೆಯ ಸಂದಿಯಲ್ಲಿ ನಿಲ್ಲುತ್ತದೆ, ಬುಡ ನೀರಿನಲ್ಲಿರುತ್ತದೆ. ಜಪಾನಿನ ಇಕೆಬಾನಾದಲ್ಲಿ ಮೊಳೆಗಳ ಬಿಲ್ಲೆಯನ್ನು ಪಾತ್ರೆಯ ತಳದಲ್ಲಿಟ್ಟು ದಂಟು ನಿಲ್ಲಿಸುವುದೂ, 1930ರ ದಶಕದಲ್ಲಿ ಲಂಡನ್ನಿನ ಕಾನ್‌ಸ್ಟನ್ಸ್ ಸ್ಪ್ರೈ ಕೋಳಿಗೂಡಿನ ಜಾಲರಿಯನ್ನು ಮುದುರಿ ಹೂದಾನಿಯೊಳಗೆ ಇಟ್ಟದ್ದೂ ಇದೇ ತತ್ವದ ಮೇಲೆ. ಇನ್ನೊಂದು ಮಾತನ್ನೂ ಹೇಳಬೇಕು. ಚೆಂಡು ಹೂವು, ಸೇವಂತಿಗೆ, ನಿಶಿಗಂಧ ಇವು ನೀರಿಲ್ಲದೆಯೂ ಒಂದು ದಿನ ಮುಖ ಬಾಡಿಸದ ಹೂವುಗಳು, ಮಾಲೆಯಾಗಿ ನಾವು ಅವನ್ನು ಹಾಗೆಯೇ ಬಳಸುತ್ತೇವೆ. ದೊಡ್ಡ ಕಮಾನಿಗೆ ಇವೇ ಇರಲಿ, ನೀರು ಬೇಡುವ ಗುಲಾಬಿ, ಜರ್ಬೆರಾಗಳು ಕುಡಿಕೆಗೆ ಹೋಗಲಿ. ಮೇ ತಿಂಗಳ ಬಿಸಿಲಲ್ಲಿ ತಂಪು ನಾಡಿನ ಹೂವನ್ನೇ ಕಮಾನಿನ ತುಂಬ ತುರುಕಬೇಕೆಂದು ಹಟ ಹಿಡಿದವರಿಗೆ ಕಡ್ಡಿಯ ಹಂದರ ಉಪಯೋಗಕ್ಕೆ ಬರುವುದಿಲ್ಲ, ಅದು ಸರಿಯೇ.

ಕೃಷಿ ಬಲ್ಲವರಿಂದ ಬರುವ ಆಕ್ಷೇಪ ಬೇರೆ. ಚಾಟ್ನಿಯ ಕಡ್ಡಿ ಕಸವಲ್ಲ, ಪುಡಿ ಮಾಡಿ ಸಾಲಿಗೇ ಹಾಕಿದರೆ ಮಣ್ಣಿಗೆ ಸಾವಯವ ಸತ್ವ, ಅದನ್ನು ಪೇಟೆಗೆ ಒಯ್ಯುವುದು ಹೊಲಕ್ಕೆ ಮಾಡಿದ ಅನ್ಯಾಯ ಎಂದು ಅವರು ಹೇಳುತ್ತಾರೆ. ಪುಡಿ ಮಾಡಿ ಮಣ್ಣಿಗೆ ಹಿಂದಿರುಗಿಸುವ ರೈತರಿದ್ದರೆ ನಾನು ಅವರ ಕಡೆ. ಅಲಂಕಾರಕ್ಕೆ ಬೇಕಾಗುವುದು ಆ ರಾಶಿಯಲ್ಲಿ ಸಣ್ಣದೊಂದು ಪಾಲು, ಉದ್ದವಾಗಿ ನೇರವಾಗಿ ಇರುವಷ್ಟು ಮಾತ್ರ. ಎಷ್ಟೋ ಕಡೆ ಇಡೀ ರಾಶಿಗೆ ಬದುವಿನಲ್ಲೇ ಬೆಂಕಿ ಬೀಳುತ್ತದೆ. ಮೊದಲು ಅಲ್ಲಿಂದ ತರೋಣ. ರೋಗದ ಮಾತೂ ಉಂಟು. ಚಿಬ್ಬು ರೋಗ ತಗುಲಿದ ಕಡ್ಡಿಯ ಮೇಲೆ ಕಪ್ಪಾಗಿ ಒಳಗೆ ತಗ್ಗಿದ ಚುಕ್ಕೆಗಳಿರುತ್ತವೆ, ಅಂಥದ್ದನ್ನು ಆರಿಸಲೇಬಾರದು, ಕಟ್ಟಿದ್ದನ್ನು ಮತ್ತೆ ತೋಟದ ಹತ್ತಿರ ಒಯ್ಯಲೂಬಾರದು. ದ್ರಾಕ್ಷಿಗೆ ಸಿಂಪಡಣೆ ಹೆಚ್ಚು, ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣದ ಉಳಿಕೆ ತೊಗಟೆಯ ಮೇಲೆ ನಿಂತಿರುತ್ತದೆ. ಕಡ್ಡಿಯನ್ನು ಎರಡು ಮೂರು ನೀರಿನಲ್ಲಿ ತಿಕ್ಕಿ ತೊಳೆಯಬೇಕು, ಕಟ್ಟುವವರು ಕೈಗವಸು ಹಾಕಬೇಕು, ನೈವೇದ್ಯದ ತಟ್ಟೆ, ಊಟದ ಎಲೆಯ ಹತ್ತಿರ ಈ ಚೌಕಟ್ಟು ಬರಬಾರದು. ಇಷ್ಟು ಎಚ್ಚರಿಕೆ ಪಾಲಿಸಲು ಆಗದವರು ತೊಗರಿ ಕಟ್ಟಿಗೆ, ಹತ್ತಿ ಕಟ್ಟಿಗೆಯಿಂದ ನೆಟ್ಟಗಿನ ಚೌಕಟ್ಟು ಮಾಡಿಕೊಳ್ಳಬಹುದು. ಅವು ಬಾಗುವುದಿಲ್ಲ, ಬಳೆಯ ಆಸೆ ಬಿಡಬೇಕಾಗುತ್ತದೆ.

ಖರ್ಚಿನ ಆಕ್ಷೇಪಕ್ಕೆ ಉತ್ತರ ಕೊಡುವಾಗ ಹುಷಾರಾಗಿರಬೇಕು. ಕೈಕೆಲಸ ಅಗ್ಗ ಎಂದು ಹೇಳುವವರು ಕೈಕೆಲಸದವರ ಕೂಲಿಯನ್ನು ಲೆಕ್ಕಕ್ಕೆ ಹಿಡಿದಿರುವುದಿಲ್ಲ. ಕಡ್ಡಿ ಪುಕ್ಕಟೆ ಸಿಕ್ಕರೂ ಆರಿಸುವುದು, ತೊಳೆಯುವುದು, ಬಾಗಿಸುವುದು, ಎರಡು ಸಲ ಕಟ್ಟುವುದು ಎಲ್ಲವೂ ದುಡಿಮೆ. ಒಂದೇ ಮದುವೆಗೆ ಹೋಲಿಸಿದರೆ ಸ್ಪಂಜು ಅಗ್ಗವೇ. ಆದರೆ ಹಂದರದ ಕಂಬ, ಶಾಮಿಯಾನಾ, ಖುರ್ಚಿ, ಪಾತ್ರೆ ಎಲ್ಲವನ್ನೂ ನಾವು ಬಾಡಿಗೆಗೆ ತರುತ್ತೇವೆ, ಹೂವಿನ ಚೌಕಟ್ಟನ್ನು ಮಾತ್ರ ಪ್ರತಿ ಸಲ ಕೊಂಡು ಎಸೆಯುತ್ತೇವೆ. ಚೌಕಟ್ಟೂ ಬಾಡಿಗೆಯ ಸಾಮಾನಾದರೆ ಲೆಕ್ಕ ತಿರುಗುತ್ತದೆ: ಕಟ್ಟಿದವರಿಗೆ ಒಮ್ಮೆಗೆ ಸರಿಯಾದ ಕೂಲಿ, ಬಾಡಿಗೆಗೆ ಕೊಡುವವರಿಗೆ ಪ್ರತಿ ಮದುವೆಗೂ ಆದಾಯ, ಮದುವೆ ಮಾಡುವವರಿಗೆ ಕೊಳ್ಳುವುದಕ್ಕಿಂತ ಕಡಿಮೆ ಖರ್ಚು. ಮೇದಾರರ ಕೈಗೆ ಇದು ಬೇಗ ಒಗ್ಗುವ ಕೆಲಸ, ಬಾಗುವ ವಸ್ತುವಿನ ಸ್ವಭಾವ ಅವರಿಗೆ ಗೊತ್ತು. ಹಾಗೆಂದು ಇದನ್ನು ಅವರ ಕುಲಕಸುಬೆಂದು ಕಟ್ಟಿಹಾಕಬೇಕೆಂದಲ್ಲ. ಜಾತಿಯ ಹೆಸರಿನಲ್ಲಿ ಕಡಿಮೆ ಕೂಲಿಗೆ ಕೆಲಸ ತೆಗೆದುಕೊಂಡ ಹಳೆಯ ಏರ್ಪಾಡು ಮರಳಿ ಬರುವುದಾದರೆ ಸ್ಪಂಜೇ ಇರಲಿ ಎಂದೇನು. ಚಾಟ್ನಿ ಮುಗಿದ ಮೇಲೆ ತೋಟದ ಕೆಲಸ ಕಡಿಮೆಯಾಗುವ ವಾರಗಳಲ್ಲಿ ತಿಕೋಟಾ, ಬಬಲೇಶ್ವರದ ಹೆಣ್ಣುಮಕ್ಕಳ ಸ್ವಸಹಾಯ ಸಂಘಗಳು ಕಲಿತರೆ ಅದು ಅವರದೇ ಉದ್ಯೋಗವಾಗಬಹುದು. ಕಲಿಸುವ ಮೇದಾರರಿಗೆ ಗುರುವಿನ ಗೌರವ, ಕಲಿಸಿದ್ದಕ್ಕೆ ಹಣ ಎರಡೂ ಸಲ್ಲಬೇಕು.

ಕೊನೆಯದಾಗಿ ರುಚಿಯ ಮಾತು. ಕಡ್ಡಿಯ ಚೌಕಟ್ಟು ಒರಟು, ಮದುವೆಗೆ ಮಂಗಳವಾಗಿ ಕಾಣುವುದಿಲ್ಲ, ಸ್ಪಂಜಿನ ಮೇಲಿನ ಹೂವಿನ ಗೋಡೆ ತುಂಬಿದಂತಿರುತ್ತದೆ ಎಂಬ ಮಾತು ಹಿರಿಯರಿಂದಲೂ ಬರುತ್ತದೆ. ಒಂದಿಂಚೂ ಕಾಣದಂತೆ ಮುಚ್ಚುವುದೇ ಸೊಬಗು ಎಂಬ ಎಣಿಕೆ ಸ್ಪಂಜಿನ ಜೊತೆಗೇ ಬಂದದ್ದು. ಸ್ಪಂಜು ಕಂಡರೆ ಅಸಹ್ಯ, ಆದ್ದರಿಂದ ಮುಚ್ಚಲೇಬೇಕು, ಮುಚ್ಚಲು ಹೂವು ಹೆಚ್ಚು ಬೇಕು. ಕಡ್ಡಿಯನ್ನು ಮರೆಮಾಡುವ ಅಗತ್ಯವಿಲ್ಲ. ಕಂದು ಬಳ್ಳಿಯ ಸುರುಳಿಗಳ ನಡುವೆ ಒಂದು ಹಿಡಿ ಚೆಂಡು ಹೂವು, ನಾಲ್ಕು ಎಳೆ ನಿಶಿಗಂಧ ಇಟ್ಟರೂ ಅದು ಪೂರ್ಣವಾಗಿ ಕಾಣುತ್ತದೆ, ಏಕೆಂದರೆ ಆಕಾರವನ್ನು ಕಡ್ಡಿಯೇ ಕೊಟ್ಟಿರುತ್ತದೆ. ಹೂವಿನ ದರ ಏರುವ ಲಗ್ನದ ದಿನಗಳಲ್ಲಿ ಇದು ಸಣ್ಣ ಲಾಭವಲ್ಲ. ಮಂಗಳದ ಮಾತಿಗೆ ಬಂದರೆ, ಹಾಲುಗಂಬ ನೆಟ್ಟು, ಹಸಿ ತಪ್ಪಲಿನ ಹಂದರದಡಿ ಮದುವೆ ಮಾಡಿದ ಮನೆತನಗಳಿಗೆ ಹಣ್ಣು ಕೊಟ್ಟ ಬಳ್ಳಿ ಅಮಂಗಳವಾಗಲು ಕಾರಣವೇ ಇಲ್ಲ. ಸಾಮೂಹಿಕ ವಿವಾಹ ನಡೆಸುವ ಮಠಗಳು, ಜಾತ್ರಾ ಸಮಿತಿಗಳು ಮೊದಲ ಹೆಜ್ಜೆ ಇಟ್ಟರೆ ಒಳ್ಳೆಯದು, ಏಕೆಂದರೆ ಅಲ್ಲಿ ಒಂದೇ ಕಮಾನಿನ ಕೆಳಗೆ ಹತ್ತಾರು ಜೋಡಿಗಳ ಮದುವೆಯಾಗುತ್ತದೆ, ನೋಡುವವರು ಸಾವಿರಾರು. ಬರುವ ಅಕ್ಷಯ ತೃತೀಯೆಗೆ ಕಮಾನು ನಿಲ್ಲಬೇಕಾದರೆ ಚಾಟ್ನಿಯ ದಿನವೇ ರೈತರಿಗೆ ಹೇಳಿ ನೆಟ್ಟಗಿನ ಕಡ್ಡಿಗಳ ಹೊರೆ ಬೇರೆ ಕಟ್ಟಿಸಿ ಇಡಬೇಕು. ಚಾಟ್ನಿ ತಡವಾಗಿ, ಹಬ್ಬ ಬೇಗ ಬಂದ ವರ್ಷ ಎರಡು ವಾರ ಆರಿಸಲು ಸಮಯ ಸಾಲುವುದಿಲ್ಲ. ಅಂಥ ವರ್ಷಕ್ಕೆ ಹಿಂದಿನ ಬೇಸಿಗೆಯಲ್ಲೇ ಕಟ್ಟಿ ಅಟ್ಟಕ್ಕೆ ಏರಿಸಿದ ಚೌಕಟ್ಟೇ ಗತಿ.